ಘಟ್ಟ ಹತ್ತಿ ಬಂದವರು: ಕೆಳದಿ ಸೀಮೆಯ ವಲಸೆ ಮತ್ತು ಕಥೋಲಿಕ ಧರ್ಮಸಭೆ

ಶಿಕಾರಿಪುರ, ಸೊರಬ ಸೀಮೆಯಲ್ಲಿ ಕಥೋಲಿಕ ಕ್ರೈಸ್ತರ ಚರಿತ್ರೆಯೆಂದರೆ ವಲಸೆಯ ಚರಿತ್ರೆಯೇ. ಇಲ್ಲಿ ಜನ ಮೊದಲು ಬಂದರು, ಅವರನ್ನು ಹುಡುಕಿಕೊಂಡು ಪಾದ್ರಿಗಳು ಬಂದರು, ಇಗರ್ಜಿ ಎದ್ದದ್ದು ಎಲ್ಲಕ್ಕಿಂತ ಕಡೆಗೆ. ಗೋವೆಯಿಂದ ಕರಾವಳಿಗೆ, ಕರಾವಳಿಯಿಂದ ಘಟ್ಟದ ಮೇಲಕ್ಕೆ, ಕೇರಳದಿಂದ ಮಲೆನಾಡಿಗೆ ಹರಿದ ಜನರ ಪ್ರವಾಹಗಳು ನಾಲ್ಕು ಶತಮಾನಗಳಲ್ಲಿ ಒಂದರ ಮೇಲೊಂದು ಬಂದು ಇಲ್ಲಿ ನೆಲೆಗೊಂಡಿವೆ. ದಂಡಾವತಿಯ ದಡದ ಸೊರಬವಾಗಲಿ ಕುಮುದ್ವತಿಯ ದಡದ ಶಿಕಾರಿಪುರವಾಗಲಿ ಈ ಕಥೆಯನ್ನು ಒಂಟಿಯಾಗಿ ಹೇಳಲಾರವು. ಎರಡೂ ಕೆಳದಿ ಅರಸರ ರಾಜ್ಯಕ್ಕೆ ಸೇರಿದ್ದ ನೆಲ. ಕೆಳದಿ ಪಕ್ಕದ ಸಾಗರ ತಾಲ್ಲೂಕಿನಲ್ಲಿದೆ, ಆ ಅರಸರ ಬಲವಾದ ಕೋಟೆಗಳಲ್ಲಿ ಒಂದಾದ ಚಂದ್ರಗುತ್ತಿ ಸೊರಬ ತಾಲ್ಲೂಕಿನಲ್ಲಿದೆ. ಹಾಗಾಗಿ ಘಟ್ಟದ ಮೇಲೂ ಕೆಳಗೂ ಹರಡಿದ್ದ ಕೆಳದಿ ಸೀಮೆಯನ್ನು ಇಡಿಯಾಗಿ ಹಿಡಿದರೆ ಮಾತ್ರ ಎಳೆ ಸಿಗುತ್ತದೆ.

ಪರಸ್ಥಳದವರಿಗೆ ಅನ್ನ, ಆಶ್ರಯ ಕೊಡುವ ಪದ್ಧತಿ ಈ ನೆಲದಲ್ಲಿ ಯಾವ ಪಾದ್ರಿಯೂ ಕಾಲಿಡುವ ಮೊದಲೇ ಶಾಸನಸ್ಥವಾಗಿತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಅಗ್ರಹಾರವೇ ಅಹಿಚ್ಛತ್ರದಿಂದ ಕರೆತಂದ ಬ್ರಾಹ್ಮಣ ಕುಟುಂಬಗಳದೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಅದೇ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡಿದ್ದ ಕೋಡಿಯ ಮಠದ 1162ರ ಶಾಸನ ಇನ್ನೂ ಸ್ಪಷ್ಟ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಕರು ಇವರೆಲ್ಲರಿಗೂ ಅಲ್ಲಿ ಅನ್ನವಿತ್ತು. ಅನಾಥ ರೋಗಿಗಳಿಗೆ ಔಷಧವಿತ್ತು. ಜೈನ ಕ್ಷಪಣಕರೂ ಶೈವ ತಪಸ್ವಿಗಳೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಸಕಲ ಜೀವಿಗಳಿಗೂ ಅದು ಅಭಯಸ್ಥಾನವೆಂದು ಶಾಸನ ಸಾರುತ್ತದೆ. ನಿರಾಶ್ರಿತರ ಕುರಿತು ಇಂದು ಜಗತ್ತಿನಲ್ಲಿ ನಡೆಯುವ ಚರ್ಚೆಯ ತಿರುಳೆಲ್ಲ ಆ ಒಂದು ಪಟ್ಟಿಯಲ್ಲಿದೆ. ಯಾರು ಬಂದರು ಎಂಬುದಕ್ಕಿಂತ ಏನು ಬೇಕಾಗಿ ಬಂದರು ಎಂಬುದನ್ನೇ ಅದು ಲೆಕ್ಕಕ್ಕೆ ತೆಗೆದುಕೊಂಡಿದೆ.

ವಲಸೆಯ ಮುಂದಿನ ಅಧ್ಯಾಯ ಶುರುವಾಗುವುದು ಗೋವೆಯಲ್ಲಿ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದರು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ ಅದು 1812ರವರೆಗೂ ನಡೆಯಿತು. ದೇವಾಲಯಗಳು ನೆಲಸಮವಾದವು, ಹಳೆಯ ಆಚರಣೆಗಳು ಅಪರಾಧವಾದವು. ಅಲ್ಲಿಂದ ದಕ್ಷಿಣಕ್ಕೆ ಓಡಿಬಂದವರು ಒಂದೇ ಜಾತಿಯವರಲ್ಲ, ಒಂದೇ ಧರ್ಮದವರೂ ಅಲ್ಲ. ದೇವರ ವಿಗ್ರಹಗಳನ್ನು ಹೊತ್ತುಕೊಂಡು ಬಂದ ಗೌಡ ಸಾರಸ್ವತರು ಕರಾವಳಿಯ ಉದ್ದಕ್ಕೂ ನೆಲೆಸಿದರು. ಶ್ರೀಗಂಧದ ಕೆತ್ತನೆಗೆ ಸೊರಬ ಮತ್ತು ಸಾಗರಗಳ ಹೆಸರನ್ನು ದೂರದೂರಕ್ಕೆ ಒಯ್ದ ಗುಡಿಗಾರರು ಕೂಡ ಮೂಲತಃ ಗೋವೆಯವರು, ಬಲವಂತದ ಮತಾಂತರಕ್ಕೆ ಅಂಜಿ ಘಟ್ಟ ಹತ್ತಿದವರು ಎಂಬ ಪ್ರತೀತಿಯನ್ನು ಬ್ರಿಟಿಷರ ಕಾಲದ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದವರಲ್ಲಿ ತಪ್ಪಿಸಿಕೊಂಡವರು ಹಳಿಯಾಳ, ಯಲ್ಲಾಪುರ, ಅಂಕೋಲೆಗಳ ಕಾಡು ಸೇರಿದರು. ಅವರ ಸಂತತಿಯೇ ಇಂದಿನ ಸಿದ್ದಿಗಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಹಳಿಯಾಳದ ಕಡೆ ಕಥೋಲಿಕರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ.

ಗೋವೆಯ ಈ ದಬ್ಬಾಳಿಕೆಯನ್ನು ಮುಚ್ಚಿಟ್ಟು ಕಥೋಲಿಕರ ವಲಸಿಗ ಸೇವೆಯ ಚರಿತ್ರೆ ಬರೆಯುವುದು ಸರಿಯಾಗದು. ಈ ಸೀಮೆಗೆ ಬಂದ ನಿರಾಶ್ರಿತರಲ್ಲಿ ಒಂದು ದೊಡ್ಡ ಪಾಲು ಧರ್ಮಸಭೆಯ ಹೆಸರಿನಲ್ಲಿ ನಡೆದ ಅಧಿಕಾರಕ್ಕೆ ಹೆದರಿ ಬಂದವರು. ಅದೇ ದಾರಿಯಲ್ಲಿ, ಕೆಲವೊಮ್ಮೆ ಅದೇ ಕಾರಣಕ್ಕೆ, ಕೊಂಕಣಿ ಕ್ರೈಸ್ತರೂ ಬಂದರು. ಹೊಸದಾಗಿ ಕ್ರೈಸ್ತರಾದವರು ತಮ್ಮ ಉಡುಗೆ, ಮದುವೆಯ ಶಾಸ್ತ್ರ, ಹಾಡು, ಊಟದ ಪದ್ಧತಿಗಳನ್ನು ಬಿಟ್ಟಿರಲಿಲ್ಲ. ವಿಚಾರಣಾ ನ್ಯಾಯಾಲಯದ ಕಣ್ಣು ಅವರ ಮೇಲೇ ಹೆಚ್ಚಾಗಿತ್ತು. ಅದಕ್ಕೆ ತೆರಿಗೆ, ಬರ, ಸಾಂಕ್ರಾಮಿಕ ರೋಗಗಳು ಸೇರಿದವು. 1683ರಲ್ಲಿ ಮರಾಠಾ ದೊರೆ ಸಂಭಾಜಿಯ ಸೇನೆ ಗೋವೆಯ ಸಾಲ್ಸೆಟ್ ಮತ್ತು ಬಾರ್ದೇಸ್‌ಗಳ ಮೇಲೆ ಎರಗಿತು, 1739ರಲ್ಲಿ ಮರಾಠರು ಮತ್ತೆ ಬಂದರು. ಪ್ರತಿ ದಾಳಿಯ ಹಿಂದೆಯೂ ಕುಟುಂಬಗಳು ಕಾಳಿ ನದಿ ದಾಟಿ ದಕ್ಷಿಣಕ್ಕೆ ಸರಿದವು.

ಬಂದವರಿಗೆ ನೆಲ ಕೊಟ್ಟವರು ಕೆಳದಿಯ ನಾಯಕರು. ಈ ವೀರಶೈವ ಅರಸರ ಔದಾರ್ಯದಲ್ಲಿ ಲೆಕ್ಕಾಚಾರವೂ ಇತ್ತು, ಅದನ್ನು ಹೇಳಿದರೆ ಔದಾರ್ಯ ಕಡಿಮೆಯಾಗುವುದಿಲ್ಲ. ಕೆಳದಿಯ ಬೊಕ್ಕಸ ತುಂಬುತ್ತಿದ್ದುದು ಕರಾವಳಿಯ ಅಕ್ಕಿ ಮತ್ತು ಮೆಣಸಿನಿಂದ. ಗೋವೆಯ ಪೋರ್ಚುಗೀಸರು ತಿನ್ನುತ್ತಿದ್ದುದೂ ಬಸರೂರು, ಮಂಗಳೂರುಗಳಿಂದ ಹೋಗುತ್ತಿದ್ದ ಅಕ್ಕಿಯನ್ನೇ. ಗದ್ದೆ ಮಾಡಲು, ಪಾಳು ಬಿದ್ದ ಜಮೀನು ಹದಕ್ಕೆ ತರಲು ಕೈಗಳು ಬೇಕಿದ್ದವು. ಕೊಂಕಣಿ ಕ್ರೈಸ್ತರು ಆ ಕೆಲಸದಲ್ಲಿ ಪಳಗಿದವರು. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಕ್ಕೇರಿ ಮನೆತನದವರು (ಕೆಳದಿಯ ನಾಯಕರೇ) ಕ್ರೈಸ್ತರಿಗೆ ಬಹಳ ಉತ್ತೇಜನ ಕೊಟ್ಟು ತುಳುನಾಡಿನಲ್ಲಿ 80,000 ಮಂದಿ ನೆಲೆಸುವಂತೆ ಮಾಡಿದ್ದರೆಂದೂ ಆ ಜನ ತಮ್ಮ ಕೊಂಕಣದ ಭಾಷೆ, ವೇಷ, ನಡವಳಿಕೆಗಳನ್ನು ಉಳಿಸಿಕೊಂಡಿದ್ದರೆಂದೂ ಬರೆದಿದ್ದಾನೆ. ಸಂಖ್ಯೆ ಕಿವಿಯಲ್ಲಿ ಕೇಳಿದ್ದಿರಬಹುದು. ಆದರೆ ಆಶ್ರಯ ಕೊಟ್ಟವರು ಯಾರೆಂಬ ನೆನಪು ಅರಸೊತ್ತಿಗೆ ಮುಗಿದು ನಾಲ್ಕು ದಶಕಗಳಾದರೂ ಜನರಲ್ಲಿ ಹಸಿಯಾಗಿತ್ತು.

ಕೆಳದಿಗೂ ಪೋರ್ಚುಗೀಸರಿಗೂ ನಂಟು ಸಲೀಸಾಗಿ ಇರಲಿಲ್ಲ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಬ್ಬನ ಪರಿವಾರದೊಂದಿಗೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದಾಗ ವೆಂಕಟಪ್ಪ ನಾಯಕ ಆಳುತ್ತಿದ್ದ. ಮುಂದೆ 1652ರಿಂದ 1654ರವರೆಗಿನ ಅವಧಿಯಲ್ಲಿ ಶಿವಪ್ಪ ನಾಯಕ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಕೋಟೆಗಳ ಆಸರೆಯಲ್ಲಿದ್ದ ಪಾದ್ರಿಗಳು ಚದುರಿಹೋದರು, ಕ್ರೈಸ್ತ ಒಕ್ಕಲುಗಳು ಮಾತ್ರ ಗದ್ದೆ ಬಿಟ್ಟು ಹೋಗಲಿಲ್ಲ. ರಾಜ್ಯದ ಜಗಳ ಪೋರ್ಚುಗೀಸರೊಡನೆ, ಒಕ್ಕಲುಗಳೊಡನೆ ಅಲ್ಲ ಎಂಬ ವಿವೇಕ ಅರಮನೆಗೂ ಇತ್ತು. 1678ರಲ್ಲಿ, ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಪೋರ್ಚುಗೀಸರೊಂದಿಗೆ ಆದ ಒಪ್ಪಂದ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರ ಮುಂತಾದ ಕಡೆ ಇಗರ್ಜಿ ಕಟ್ಟಲು ಅನುಮತಿ ನೀಡಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಎದ್ದದ್ದು ಅದೇ ರಾಣಿ ಕೊಟ್ಟ ಜಾಗದಲ್ಲಿ. ಇದೇ ಚೆನ್ನಮ್ಮಾಜಿ 1689ರಲ್ಲಿ ಔರಂಗಜೇಬನಿಗೆ ಅಂಜಿ ಓಡಿಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಅದಕ್ಕಾಗಿ ಮೊಗಲ್ ಸೈನ್ಯವನ್ನು ಎದುರಿಸಿದಳು. ಶಾಲಾ ಪುಸ್ತಕಗಳು ಆಕೆಯ ಶೌರ್ಯವನ್ನು ಹೇಳುತ್ತವೆ. ಮರೆಹೊಕ್ಕವರನ್ನು ಬಿಟ್ಟುಕೊಡದ ಆಕೆಯ ರಾಜನೀತಿ ಮರಾಠಾ ದೊರೆಗೂ ಕೊಂಕಣಿ ಒಕ್ಕಲಿಗೂ ಒಂದೇ ಆಗಿತ್ತೆಂಬುದು ಇನ್ನೂ ದೊಡ್ಡ ಮಾತು.

ಜನ ನೆಲೆಸಿದರು, ಆದರೆ ಅವರಿಗೆ ಗುರುಗಳಿರಲಿಲ್ಲ. ಇದ್ದ ಕೆಲವರು ಎರಡು ಪಕ್ಷವಾಗಿದ್ದರು. ಪೋರ್ಚುಗಲ್ ದೊರೆಗಿದ್ದ ಪದ್ರುವಾದೋ ಎಂಬ ಧರ್ಮಪೋಷಣೆಯ ಅಧಿಕಾರಕ್ಕೂ ರೋಮಿನಲ್ಲಿದ್ದ ಧರ್ಮಪ್ರಸಾರ ಸಂಸ್ಥೆಗೂ ನಡುವೆ ತಕರಾರಿತ್ತು. ರೋಮ್ 1674ರಲ್ಲಿ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಗೋವೆಯಲ್ಲೇ ಹುಟ್ಟಿದವನಾದರೂ ಗೋವೆಯ ಅಧಿಕಾರಿಗಳು ಅವನನ್ನು ಒಪ್ಪಲಿಲ್ಲ. ಈ ಜಗಳದ ನಡುವೆ 1681ರಲ್ಲಿ ಕೆನರಾ ಎಂದು ಕರೆಯುತ್ತಿದ್ದ ಈ ಕರಾವಳಿಗೆ ಬಂದವನು ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದ, ಮೂವತ್ತರ ಹರೆಯದ ಪಾದ್ರಿ ಜೋಸೆಫ್ ವಾಜ್. ಮೂರು ವರ್ಷ ಅವನು ಕರಾವಳಿಯ ಒಂದೊಂದು ಊರನ್ನೂ ಕಾಲ್ನಡಿಗೆಯಲ್ಲೇ ಸುತ್ತಿದ. ಬಸರೂರು, ಬಾರ್ಕೂರು, ಗಂಗೊಳ್ಳಿ, ಕಲ್ಯಾಣಪುರಗಳಲ್ಲಿ ಅವನ ಹೆಸರು ಇಂದಿಗೂ ಬಳಕೆಯಲ್ಲಿದೆ. ವಲಸೆ ಬಂದವರ ಭಾಷೆ ಅವನ ತಾಯ್ನುಡಿಯೇ ಆಗಿದ್ದುದು ದೊಡ್ಡ ಅನುಕೂಲವಾಯಿತು. 1687ರಲ್ಲಿ ಅವನು ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋದ. ಡಚ್ಚರು ಕಥೋಲಿಕ ಪಾದ್ರಿಗಳನ್ನು ಅಲ್ಲಿ ನಿಷೇಧಿಸಿದ್ದರಿಂದ ಬೇರೆ ದಾರಿ ಇರಲಿಲ್ಲ. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವನನ್ನು ಸಂತನೆಂದು ಸಾರಿದರು.

ಪಾದ್ರಿ ಇಲ್ಲದ ಕಾಲದಲ್ಲಿ ಸಮುದಾಯವನ್ನು ಹಿಡಿದಿಟ್ಟವನು ಗುರ್ಕಾರ. ಕೇರಿಗೊಬ್ಬ ಹಿರಿಯ. ಮದುವೆಯ ಮಾತುಕತೆ, ಜಗಳದ ತೀರ್ಮಾನ, ಸತ್ತವರ ಮಣ್ಣು, ಪ್ರಾರ್ಥನೆಯ ಮುಂದಾಳತ್ವ ಎಲ್ಲ ಅವನದು. ಕೊಂಕಣಿ ಕ್ರೈಸ್ತರಲ್ಲಿ ಈ ಸ್ಥಾನ ಇಂದಿಗೂ ಉಳಿದಿದೆ. ಒಂದು ದೊಡ್ಡ ಧರ್ಮಸಂಸ್ಥೆ ತನ್ನ ಜನರನ್ನು ತಲುಪಲಾಗದೆ ಹೋದಾಗ ಜನ ತಮ್ಮೊಳಗಿನಿಂದಲೇ ಕಟ್ಟಿಕೊಂಡ ವ್ಯವಸ್ಥೆಯಿದು. ಈಚಿನ ದಿನಗಳಲ್ಲಿ ವಲಸಿಗರ ಸಂಘಟನೆಗೆ ಏನೇನು ಬೇಕೆಂದು ಹೇಳಲಾಗುತ್ತದೋ ಅದರಲ್ಲಿ ಹೆಚ್ಚಿನದೆಲ್ಲ ಗುರ್ಕಾರನ ಜಗಲಿಯಲ್ಲಿ ಆಗಲೇ ಇತ್ತು.

1763ರಲ್ಲಿ ಮೈಸೂರಿನ ಹೈದರಾಲಿ ರಾಜಧಾನಿ ಬಿದನೂರನ್ನು ಗೆದ್ದು ಕೆಳದಿಯ ಆಳ್ವಿಕೆ ಮುಗಿಸಿದ. ಇಪ್ಪತ್ತು ವರ್ಷಗಳ ತರುವಾಯ ಬ್ರಿಟಿಷರು ಅದೇ ಬಿದನೂರನ್ನೂ ಮಂಗಳೂರನ್ನೂ ಕೆಲಕಾಲ ಹಿಡಿದರು. ಟಿಪ್ಪು ಮರಳಿ ಗೆದ್ದಾಗ, ಶತ್ರುವಿಗೆ ನೆರವಾದರೆಂಬ ಆರೋಪ ಕೆನರಾದ ಕ್ರೈಸ್ತರ ಮೇಲೆ ಬಿತ್ತು. 1784ರ ಫೆಬ್ರವರಿಯಲ್ಲಿ ಅವರನ್ನು ಊರೂರುಗಳಿಂದ ಒಟ್ಟುಗೂಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆಯಾದವರ ಸಂಖ್ಯೆಯನ್ನು ಬೇರೆ ಬೇರೆ ಲೇಖಕರು 30,000ದಿಂದ 80,000ದವರೆಗೆ ಹೇಳುತ್ತಾರೆ. ದಾರಿಯಲ್ಲೇ ಸತ್ತವರು, ಸೆರೆಯಲ್ಲಿ ಸತ್ತವರು ಬಹಳ. ಗೋವೆಯಿಂದ ಒಮ್ಮೆ ಬೇರು ಕಿತ್ತುಕೊಂಡು ಬಂದ ಸಮುದಾಯ ಎರಡನೆಯ ಸಲ ಬೇರು ಕಳೆದುಕೊಂಡಿತು. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ, ಅಲ್ಲಿನ ಸಂತ ಅನ್ನಮ್ಮನವರ ಇಗರ್ಜಿ 1792ರಷ್ಟು ಹಳೆಯದು. ಕೆಳದಿಯ ಅರಸರಂತೆ ಇವನೂ ವೀರಶೈವನೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬದುಕುಳಿದವರಿಗೆ ಬಿಡುಗಡೆಯಾಯಿತು. ಹೆಚ್ಚಿನವರು ಕರಾವಳಿಗೆ ಮರಳಿದರು, ಮರಳಿದಾಗ ಅವರ ಜಮೀನಿನಲ್ಲಿ ಬೇರೆಯವರಿದ್ದರು. ಮರಳಲಾಗದವರು ಮೈಸೂರು ಸೀಮೆಯಲ್ಲೇ ಉಳಿದರು. ಇವರ ನಡುವೆ ಕೆಲಸ ಮಾಡಲು ಬಂದವನು ಫ್ರೆಂಚ್ ಪಾದ್ರಿ ಜೆ. ಎ. ದುಬುವಾ. ಅವನು ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ವಸಾಹತು ಕಟ್ಟಿದ, ಊರೂರಲ್ಲಿ ಸಿಡುಬಿಗೆ ಚುಚ್ಚುಮದ್ದು ಹಾಕಿಸಿದ. ಭೂಮಿ ಕೊಡಿಸುವುದು, ರೋಗ ತಡೆಯುವುದು, ಆಮೇಲೆ ಪೂಜೆ. ನಿರ್ವಸಿತರ ನಡುವಿನ ಕೆಲಸಕ್ಕೆ ಅವನು ಹಾಕಿಕೊಂಡ ಈ ಕ್ರಮ ಇಂದಿಗೂ ಸರಿಯಾದ ಕ್ರಮವೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಕೆಳಗಿನವರು ಮತ್ತೆ ಮೇಲೆ ಹತ್ತತೊಡಗಿದರು, ಈ ಸಲ ಕೆಲಸ ಹುಡುಕಿಕೊಂಡು. ಚಿಕ್ಕಮಗಳೂರು, ಕೊಡಗುಗಳಲ್ಲಿ ಕಾಫಿ ತೋಟಗಳಿದ್ದವು. ಸಾಗರ, ಸೊರಬದ ಕಡೆ ಅಡಿಕೆ ತೋಟಗಳಿದ್ದವು, ಆದರೆ ದುಡಿಯುವವರಿರಲಿಲ್ಲ. ಮಲೆನಾಡಿನ ಜ್ವರ ಎಂದೇ ಹೆಸರಾದ ಮಲೇರಿಯಾ ಊರುಗಳನ್ನೇ ಬರಿದು ಮಾಡುತ್ತಿತ್ತು, ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮೈಸೂರು ಸರ್ಕಾರ ಮಲೆನಾಡಿನ ಸುಧಾರಣೆಗಾಗಿಯೇ ಯೋಜನೆ ಹಾಕಬೇಕಾಯಿತು. ಕೊಯ್ಲಿನ ಕಾಲಕ್ಕೆ ದಕ್ಷಿಣ ಕನ್ನಡದಿಂದ ಬಂದು ಮಳೆಗಾಲಕ್ಕೆ ಇಳಿದುಹೋಗುತ್ತಿದ್ದ ಆಳುಗಳಲ್ಲಿ ಕೆಲವರು ಇಲ್ಲೇ ನಿಂತರು. ಆಮೇಲೆ ದೊಡ್ಡ ಕಾಮಗಾರಿಗಳು ಬಂದವು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಶಿಕಾರಿಪುರದ ಬಳಿ ಕುಮುದ್ವತಿಗೆ ಅಡ್ಡಲಾಗಿ ಅಂಜನಾಪುರ ಜಲಾಶಯ, ತಾಳಗುಪ್ಪದವರೆಗೆ ರೈಲು, 1948ರಲ್ಲಿ ಜೋಗದ ವಿದ್ಯುದಾಗಾರ. ಪ್ರತಿಯೊಂದೂ ತಮಿಳು, ತೆಲುಗು, ಮಲಯಾಳ, ಕೊಂಕಣಿ ಮಾತಾಡುವ ಕೆಲಸಗಾರರನ್ನು ಎಳೆದು ತಂದಿತು. ಅವರಲ್ಲಿ ಕಥೋಲಿಕರೂ ಇದ್ದರು. ಶೆಡ್ಡುಗಳಲ್ಲಿ, ಬಾಡಿಗೆ ಮನೆಗಳಲ್ಲಿ ಪೂಜೆ ನಡೆಯುತ್ತಿತ್ತು, ಪಾದ್ರಿ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಬಂದು ಹೋಗುತ್ತಿದ್ದರು.

ಆಡಳಿತ ಜನರ ಹಿಂದೆಯೇ ನಿಧಾನವಾಗಿ ನಡೆದುಬಂತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ, 1963ರಲ್ಲಿ ಅದರಿಂದ ಒಡೆದು ಚಿಕ್ಕಮಗಳೂರು, 1988ರ ನವೆಂಬರ್ 14ರಂದು ಶಿವಮೊಗ್ಗ. ಶಿವಮೊಗ್ಗದ ಮೊದಲ ಬಿಷಪ್ ಇಗ್ನೇಷಿಯಸ್ ಪಿಂಟೊ ಮುಂದೆ ಬೆಂಗಳೂರಿನ ಆರ್ಚ್‌ಬಿಷಪ್ ಆದರು. ಅವರ ನಂತರ ಜೆರಾಲ್ಡ್ ಐಸಾಕ್ ಲೋಬೊ, 2014ರಲ್ಲಿ ಯೇಸುಸಭೆಯ (ಜೆಸ್ಯೂಟ್) ಫ್ರಾನ್ಸಿಸ್ ಸೆರಾವೊ ಬಿಷಪ್ ಆದರು. ಶಿಕಾರಿಪುರ, ಸೊರಬ ಎರಡೂ ಈ ಧರ್ಮಪ್ರಾಂತ್ಯಕ್ಕೆ ಸೇರಿವೆ.

ಕೇರಳದಿಂದ ಬಂದವರ ಕಥೆ ಬೇರೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತಿರುವಾಂಕೂರಿನ ಕಡೆಯ ಸಿರಿಯನ್ ಕ್ರೈಸ್ತ ರೈತರು ಮಲಬಾರಿಗೆ, ಅಲ್ಲಿಂದ ಕರ್ನಾಟಕದ ಮಲೆನಾಡಿಗೆ ಜಮೀನು ಹುಡುಕಿಕೊಂಡು ಬಂದರು. ರಬ್ಬರ್, ಕಾಳುಮೆಣಸು, ಮರಗೆಣಸು, ಆಮೇಲೆ ಶುಂಠಿ ಬೆಳೆದರು. ಇವರೂ ಕಥೋಲಿಕರೇ, ಆದರೆ ಸಿರೊ ಮಲಬಾರ್ ಎಂಬ ಪೂಜಾವಿಧಿ ಬೇರೆ, ಭಾಷೆ ಬೇರೆ. ಊರಿನ ಲ್ಯಾಟಿನ್ ಇಗರ್ಜಿಗೆ ಹೋಗಿ ಕೂತರೂ ಇವರ ಮನಸ್ಸು ತಮ್ಮ ವಿಧಿಯ ಪೂಜೆಯಾದ ಕುರ್ಬಾನದ ಕಡೆಗೇ ಇತ್ತು. ಹೀಗೆ ವಲಸೆ ಹೋದವರಿಗೆ ಅವರ ಭಾಷೆ, ಅವರ ವಿಧಿಯಲ್ಲೇ ಸೇವೆ ಸಲ್ಲಬೇಕೆಂಬ ನಿಯಮವನ್ನು ಪೋಪ್ ಹನ್ನೆರಡನೆಯ ಪಿಯುಸ್ 1952ರ ಆಗಸ್ಟ್ 1ರಂದು ಹೊರಡಿಸಿದ ‘ಎಕ್ಸುಲ್ ಫಮಿಲಿಯಾ’ ಎಂಬ ಶಾಸನಪತ್ರ ಖಚಿತಪಡಿಸಿತ್ತು. ಹೆರೋದನಿಗೆ ಹೆದರಿ ಮಗುವಿನೊಂದಿಗೆ ಈಜಿಪ್ಟಿಗೆ ಓಡಿದ ಯೇಸುವಿನ ಕುಟುಂಬವೇ ಎಲ್ಲ ನಿರಾಶ್ರಿತರ ಮಾದರಿ ಎಂಬ ಮಾತಿನಿಂದ ಅದು ಆರಂಭವಾಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ಬಳಿಕ ಪೂಜೆಯೂ ಲ್ಯಾಟಿನ್ನಿನಿಂದ ಜನರ ಭಾಷೆಗಳಿಗೆ ಬಂತು. ಮಲೆನಾಡಿನಲ್ಲಿ ಆ ನಿಯಮ ಪೂರ್ತಿ ಫಲಿಸಿದ್ದು 2007ರಲ್ಲಿ, ಸಿರೊ ಮಲಬಾರ್ ವಿಧಿಯವರಿಗಾಗಿ ಭದ್ರಾವತಿ ಧರ್ಮಪ್ರಾಂತ್ಯ ಹುಟ್ಟಿದಾಗ. ಒಂದೇ ಜಿಲ್ಲೆಯಲ್ಲಿ ಇಬ್ಬರು ಕಥೋಲಿಕ ಬಿಷಪರು ಇರುವುದಕ್ಕೆ ವಲಸೆಯೇ ಕಾರಣ.

ಭಾಷೆಯ ಈ ಗೌರವಕ್ಕೆ ಒಂದು ಬೆಲೆಯೂ ಇದೆ. ಕೊಂಕಣಿಯವರು ಒಂದು ಕಡೆ, ತಮಿಳರು ಒಂದು ಕಡೆ, ಮಲಯಾಳಿಗಳು ಇನ್ನೊಂದು ಕಡೆ ಎಂದಾದರೆ, ಊರಿನ ಕನ್ನಡದೊಡನೆ ಇಗರ್ಜಿಯ ಸಂಬಂಧ ಸಡಿಲವಾಗುತ್ತದೆ. ಸಾಗರದ ಕಾದಂಬರಿಕಾರ ನಾ. ಡಿಸೋಜರ (1937-2025) ಬದುಕು ಆ ಸಂಬಂಧ ಎಷ್ಟು ಗಟ್ಟಿಯಾಗಬಲ್ಲದೆಂದು ತೋರಿಸಿತು. ಕೊಂಕಣಿ ಮನೆಮಾತಿನ ಕಥೋಲಿಕ, ಲೋಕೋಪಯೋಗಿ ಇಲಾಖೆಯ ನೌಕರನಾಗಿ ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದವರು, 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಈ ಸೀಮೆಯ ನಿರ್ವಸಿತರ ಪರವಾಗಿ ಒಬ್ಬ ಕಥೋಲಿಕ ಎತ್ತಿದ ಅತಿ ದೊಡ್ಡ ದನಿ ಯಾವ ಬಿಷಪರದೂ ಅಲ್ಲ, ಈ ಬರಹಗಾರರದು.

ಅವರು ಬರೆದದ್ದು ಮುಳುಗಡೆಯ ಬಗ್ಗೆ. 1948ರ ಜೋಗ ಯೋಜನೆಗಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯನ್ನೂ ನುಂಗಿಕೊಂಡು 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಶರಾವತಿಯ ನೀರು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಆವರಿಸಿ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಡಬೇಕಾಯಿತು. ದೀವರು, ಹವ್ಯಕರು, ದಲಿತರು, ಒಕ್ಕಲಿಗರು, ಕ್ರೈಸ್ತರು ಎಲ್ಲರೂ ಮೂಟೆ ಕಟ್ಟಿದರು. ಲಾರಿಗಳಲ್ಲಿ ತುಂಬಿ ತಂದು ಜಿಲ್ಲೆಯ ಬೇರೆ ತಾಲ್ಲೂಕುಗಳ ಕಾಡಂಚಿನಲ್ಲಿ ಇಳಿಸಿದರು. ಮರ ಕಡಿದು ಗದ್ದೆ ಮಾಡಿಕೊಂಡ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು, ಹಕ್ಕುಪತ್ರದ ತೊಡಕು ಮೂರನೆಯ ತಲೆಮಾರಿಗೂ ಮುಗಿದಿಲ್ಲ. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರಿಗೆ ಸೇತುವೆ ಸಿಕ್ಕದ್ದು 2025ರ ಜುಲೈಯಲ್ಲಿ, ಆರು ದಶಕಗಳ ಮೇಲೆ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಮತ್ತು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ‘ಮುಳುಗಡೆಯ ಊರಿಗೆ ಬಂದವರು’ ಈ ನೆಲದ ನೋವನ್ನು ಕನ್ನಡಕ್ಕೆಲ್ಲ ತಿಳಿಸಿದವು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಸ್ವದೇಶದೊಳಗೇ ನೆಲೆ ಕಳೆದುಕೊಂಡವನು ಯಾವ ಗಡಿಯನ್ನೂ ದಾಟಿರುವುದಿಲ್ಲ, ಆದ್ದರಿಂದ ನಿರಾಶ್ರಿತನೆಂಬ ಹೆಸರೂ ಅವನಿಗೆ ಸಿಗುವುದಿಲ್ಲ. ಮಲೆನಾಡಿಗರು ತಾವೇ ‘ಮುಳುಗಡೆ ಸಂತ್ರಸ್ತರು’ ಎಂಬ ಹೆಸರು ಕಟ್ಟಿಕೊಂಡರು.

ಗಡಿ ದಾಟಿ ಬಂದ ನಿರಾಶ್ರಿತರೂ ದೂರವೇನಿಲ್ಲ. ಸೊರಬದಿಂದ ಬನವಾಸಿಯ ಕಡೆ ಸಾಗಿದರೆ ಸಿಗುವ ಮುಂಡಗೋಡಿನಲ್ಲಿ 1960ರ ದಶಕದಿಂದ ಟಿಬೆಟನ್ನರ ದೊಡ್ಡ ನೆಲೆಯಿದೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಂತೆ ಮರಳಿದ ಸಿಂಹಳದ ತಮಿಳು ತೋಟಗೆಲಸಗಾರರಲ್ಲಿ ಒಂದು ಪಾಲು ಸುಳ್ಯ, ಪುತ್ತೂರುಗಳ ಸರ್ಕಾರಿ ರಬ್ಬರ್ ತೋಟಗಳಿಗೆ ಬಂತು. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನೂ ಇಲ್ಲ. ಆದ್ದರಿಂದ ಇಂಥವರ ನಡುವೆ ಕೆಲಸ ಮಾಡುವ ಧಾರ್ಮಿಕ ಸಂಸ್ಥೆಗಳಿಗೆ ಸರ್ಕಾರದ ಆದೇಶಗಳೇ ಆಧಾರ. ಯೇಸುಸಭೆಯ ಮುಖ್ಯಸ್ಥ ಪೆದ್ರೊ ಅರುಪೆ ವಿಯೆಟ್ನಾಮಿನ ದೋಣಿ ನಿರಾಶ್ರಿತರನ್ನು ಕಂಡು 1980ರಲ್ಲಿ ಸ್ಥಾಪಿಸಿದ ಜೆಸ್ಯೂಟ್ ರೆಫ್ಯೂಜಿ ಸರ್ವಿಸ್, ದಕ್ಷಿಣ ಭಾರತದಲ್ಲಿ ಶ್ರೀಲಂಕಾ ತಮಿಳರ ಶಿಬಿರಗಳಲ್ಲಿ ಮಕ್ಕಳ ಓದಿಗೆ ನೆರವಾಯಿತು. ಮುಂಡಗೋಡಿನಲ್ಲಿ ಅದೇ ಸಭೆಯವರ ಲೊಯೋಲ ವಿಕಾಸ ಕೇಂದ್ರ ಸಿದ್ದಿ, ಗೌಳಿ, ಲಂಬಾಣಿಗಳ ನಡುವೆ ಕೆಲಸ ಮಾಡುತ್ತದೆ.

ಲಂಬಾಣಿಗಳ ಹೆಸರು ಬಂದಲ್ಲಿ ಕಥೆ ಮತ್ತೆ ಶಿಕಾರಿಪುರಕ್ಕೆ ಮರಳುತ್ತದೆ. ಈ ತಾಲ್ಲೂಕು ತಾಂಡಾಗಳ ತಾಲ್ಲೂಕು. ತಮ್ಮ ಗುರು ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು ಪೂಜಿಸುವ ಸೂರಗೊಂಡನಕೊಪ್ಪ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿದೆ. ಒಂದು ಕಾಲಕ್ಕೆ ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದ ಈ ಜನ ರೈಲು, ರಸ್ತೆಗಳು ಬಂದ ಮೇಲೆ ವ್ಯಾಪಾರ ಕಳೆದುಕೊಂಡು ನೆಲೆ ನಿಂತರು. ನಿಂತ ನೆಲ ಮಳೆಯಾಶ್ರಿತ, ತುಂಡು ತುಂಡು. ಮೆಕ್ಕೆಜೋಳ, ಭತ್ತ ಮುಗಿದ ಕೂಡಲೇ ಗುಳೆ ಶುರು. ಮೇಸ್ತ್ರಿ ಮುಂಗಡ ಕೊಟ್ಟು ಹೋಗುತ್ತಾನೆ, ವಾಹನ ತಾಂಡಾದ ಬಾಗಿಲಿಗೆ ಬರುತ್ತದೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಗೋವೆಗೂ ಹೋಗುತ್ತಾರೆ. ನಾಲ್ಕು ಶತಮಾನಗಳ ಹಿಂದೆ ಜನ ಓಡಿಬಂದ ಅದೇ ಗೋವೆಯ ರಸ್ತೆ, ಮನೆಗಳನ್ನು ಇಂದು ಉತ್ತರ ಕರ್ನಾಟಕದವರೂ ಲಂಬಾಣಿಗರೂ ಕಟ್ಟುತ್ತಿದ್ದಾರೆ. ಕಾಫಿ ತೋಟದ ‘ಲೈನು’ ಎಂಬ ಕೂಲಿಮನೆಗಳ ಸಾಲಿನಲ್ಲಿ ಒಂದು ಕೋಣೆ, ಹಣ್ಣಿನ ತೂಕಕ್ಕೆ ತಕ್ಕ ಕೂಲಿ, ಸಾಲ ತೀರುವವರೆಗೆ ಕೆಲಸ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಿಂದ, ರೊಬಸ್ಟಾದ್ದು ಮಾರ್ಚಿನವರೆಗೆ ಎಂದರೆ ಮಕ್ಕಳ ಶಾಲಾ ವರ್ಷದ ಅರ್ಧವೇ ಹೋಯಿತು.

ಈ ಜನರ ನಡುವೆ ಕಥೋಲಿಕರು ಮಾಡಿದ ಕೆಲಸ ಸದ್ದಿಲ್ಲದ್ದು, ಹೆಚ್ಚಿನದು ಸಿಸ್ಟರುಗಳದು. ಓದುವ ಮಕ್ಕಳನ್ನು ಬೋರ್ಡಿಂಗಿನಲ್ಲಿ ಇಟ್ಟುಕೊಳ್ಳುವುದು, ಬಸುರಿಯರನ್ನು ಆಸ್ಪತ್ರೆಗೆ ಕಳಿಸುವುದು, ಪಡಿತರ ಚೀಟಿ, ಪಿಂಚಣಿ ಅರ್ಜಿ ಬರೆದುಕೊಡುವುದು. ಧರ್ಮಪ್ರಾಂತ್ಯದ ಸಮಾಜಸೇವಾ ಅಂಗವಾದ ಶಿವಮೊಗ್ಗ ಮಲ್ಟಿಪರ್ಪಸ್ ಸೋಷಿಯಲ್ ಸರ್ವಿಸ್ ಸೊಸೈಟಿ ಸ್ವಸಹಾಯ ಸಂಘಗಳ ಮೂಲಕ ಹೆಂಗಸರನ್ನು ಒಗ್ಗೂಡಿಸಿತು. ಮೇಸ್ತ್ರಿಯ ಮುಂಗಡದ ಬದಲು ಸಂಘದ ಸಾಲ ಸಿಕ್ಕರೆ ಗುಳೆಯ ಕರಾರೇ ಬದಲಾಗುತ್ತದೆ. ಇಂಥ ಕೆಲಸಕ್ಕೆ ಮತಾಂತರದ ಶಂಕೆ ಸದಾ ನೆರಳಿನಂತೆ ಅಂಟಿಕೊಂಡಿದೆ. ಗೋವೆಯ ಚರಿತ್ರೆಯನ್ನು ನೆನೆದರೆ ಆ ಶಂಕೆ ಹುಟ್ಟಿದ್ದು ಆಶ್ಚರ್ಯವಲ್ಲ, ಬೋರ್ಡಿಂಗಿನಲ್ಲಿ ಓದಿದ ತಾಂಡಾದ ಹುಡುಗಿಯರ ಬದುಕನ್ನು ನೋಡಿದರೆ ಅದನ್ನು ಒಪ್ಪುವುದೂ ಕಷ್ಟ.

ವಲಸಿಗರ ಹಕ್ಕಿಗಾಗಿ ದನಿಯೆತ್ತುವ ಕೆಲಸ ನಡೆದದ್ದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಬೆಲ್ಜಿಯಂ ಮೂಲದ ಸಿಸ್ಟರ್ ಜೀನ್ ಡೆವೊಸ್ 1985ರಲ್ಲಿ ಕಟ್ಟಿದ ರಾಷ್ಟ್ರೀಯ ಗೃಹಕಾರ್ಮಿಕರ ಆಂದೋಲನ ಕರ್ನಾಟಕದಲ್ಲೂ ಹರಡಿತು. ಹಳ್ಳಿಗಳಿಂದ ಮನೆಗೆಲಸಕ್ಕೆ ಬೆಂಗಳೂರು ಸೇರಿದ ಹೆಣ್ಣುಮಕ್ಕಳಿಗೆ ಕನಿಷ್ಠ ಕೂಲಿಯ ರಕ್ಷಣೆ ಕೊಟ್ಟ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಇದರ ಹಿಂದೆ ಇಂಥ ಸಂಘಟನೆಗಳ ಒತ್ತಾಯವಿತ್ತು. ಲ್ಯಾಟಿನ್ ವಿಧಿಯ ಭಾರತೀಯ ಬಿಷಪರ ಮಂಡಳಿ ವಲಸಿಗರಿಗಾಗಿಯೇ ಆಯೋಗ ರಚಿಸಿದೆ. ವಲಸಿಗನ ಧರ್ಮ ಯಾವುದೆಂದು ನೋಡದೆ ಸೇವೆ ಸಲ್ಲಬೇಕೆಂದು ವ್ಯಾಟಿಕನ್ನಿನ 2004ರ ಮಾರ್ಗದರ್ಶಿಯೂ ಹೇಳುತ್ತದೆ. ಧರ್ಮಸಭೆಯಲ್ಲಿ 1914ರಷ್ಟು ಹಿಂದೆಯೇ ಶುರುವಾದ ವಲಸಿಗರ ಮತ್ತು ನಿರಾಶ್ರಿತರ ದಿನವನ್ನು 2019ರಿಂದ ಸೆಪ್ಟೆಂಬರಿನ ಕೊನೆಯ ಭಾನುವಾರ ಆಚರಿಸಲಾಗುತ್ತಿದೆ.

2020ರ ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆಗಳ ಸೂಚನೆಯ ಮೇಲೆ ದೇಶ ಬಾಗಿಲು ಹಾಕಿಕೊಂಡಾಗ ವಲಸೆ ಕಾರ್ಮಿಕರ ಲೆಕ್ಕ ಯಾರ ಬಳಿಯೂ ಇಲ್ಲವೆಂಬುದು ಬಯಲಾಯಿತು. ಇಗರ್ಜಿಗಳೂ ಮಠ, ಮಸೀದಿ, ಗುರುದ್ವಾರಗಳಂತೆ ಅಡುಗೆ ಒಲೆ ಹೊತ್ತಿಸಿದವು. ಅಸಂಘಟಿತ ಕಾರ್ಮಿಕರನ್ನು ನೋಂದಾಯಿಸುವ ಇ-ಶ್ರಮ್ ಬಂದದ್ದು ಮರುವರ್ಷದ ಆಗಸ್ಟಿನಲ್ಲಿ. ಆದರೂ ತಾಂಡಾದ ಮಟ್ಟಿಗೆ ಮುಖ್ಯ ತೊಡಕು ಹಾಗೆಯೇ ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಂತೆಯೇ ಅದನ್ನು ಒಳಗೊಂಡ 2020ರ ಸಂಹಿತೆಯೂ ರಾಜ್ಯದ ಗಡಿ ದಾಟಿದವರನ್ನು ಮಾತ್ರ ವಲಸಿಗರೆಂದು ಗುರುತಿಸುತ್ತದೆ. ಶಿಕಾರಿಪುರದ ತಾಂಡಾದಿಂದ ಚಿಕ್ಕಮಗಳೂರಿನ ಲೈನಿಗೆ ಹೋಗುವ ಕುಟುಂಬ ದಾಟುವುದು ಜಿಲ್ಲೆಯ ಗಡಿಯನ್ನಷ್ಟೇ. ಆ ಕುಟುಂಬದ ಹೆಸರು ಕಾನೂನಿನ ವಲಸಿಗರ ಪಟ್ಟಿಯಲ್ಲಿ ಇಲ್ಲ.